ಎಂಟು ಸುತ್ತು, ಒಂದು ಬ್ಯಾಂಡು

ಆ ಆರು ಬ್ಯಾಂಡುಗಳು ನನ್ನ ಮೇಜಿನ ಮೇಲೆ ಬಂದು ಬಿದ್ದಾಗ ಓಟದ ಪರೀಕ್ಷೆಗೆ ಐವತ್ತೆರಡು ದಿನ ಬಾಕಿ ಇತ್ತು. ನೋಡಲು ಕೈಗಡಿಯಾರದ ಪಟ್ಟಿಯಂತಿದ್ದವು. ಮುಳ್ಳಿಲ್ಲ, ಅಂಕಿಯಿಲ್ಲ. ಚರ್ಮಕ್ಕೆ ತಾಗುವ ಬದಿಯಲ್ಲಿ ಒಂದು ಹಸಿರು ದೀಪ ಮಿಣಮಿಣ ಅನ್ನುತ್ತದೆ, ಉಳಿದದ್ದೆಲ್ಲ ಫೋನಿನಲ್ಲಿ. ತಂದುಕೊಟ್ಟವನು ಮಂಡ್ಯದಲ್ಲಿ ಜಿಮ್ ನಡೆಸುವ ನನ್ನ ಹಳೆಯ ಶಿಷ್ಯ. ಅವನ ಗಿರಾಕಿಗಳು ಎರಡು ತಿಂಗಳು ಕಟ್ಟಿಕೊಂಡು, ಬೇಜಾರು ಬಂದು ಬಿಸಾಕಿ ಹೋಗಿದ್ದ ಮಾಲು. ನಿಮ್ಮ ಹುಡುಗಿಯರಿಗೆ ಕಟ್ಟಿ ನೋಡಿ ಮೇಡಂ, ನಿಮ್ಮ ಕೂಗಾಟವಾದರೂ ಕಡಿಮೆಯಾಗಲಿ ಅಂದ.

ಮದ್ದೂರಿನ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣದ ಅಧ್ಯಾಪಕಿ. ಕೂಗಾಟ ನನ್ನ ಕಸುಬಿನ ಭಾಗ ಎಂದೇ ತಿಳಿದವಳು. ಆ ವರ್ಷ ಅರೆಸೇನಾ ಪಡೆಯ ಲಿಖಿತ ಪರೀಕ್ಷೆ ಪಾಸು ಮಾಡಿದ್ದ ಆರು ಹುಡುಗಿಯರು ಬೆಳಿಗ್ಗೆ ಆರೂವರೆಗೆ ನಮ್ಮ ಮೈದಾನಕ್ಕೆ ಬರುತ್ತಿದ್ದರು. ಸಾವಿರದ ಆರುನೂರು ಮೀಟರನ್ನು ಎಂಟೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ನಮ್ಮ ಮೈದಾನದ ಸುತ್ತಳತೆ ಇನ್ನೂರು ಮೀಟರ್. ಅಂದರೆ ಎಂಟು ಸುತ್ತು, ಸುತ್ತಿಗೆ ಅರವತ್ತಮೂರು ಸೆಕೆಂಡು. ಒಂದು ಸೆಕೆಂಡು ತಡವಾದರೂ ಮನೆಗೆ ಹೋಗಬಹುದು, ಅಷ್ಟೇ.

ನನ್ನ ತಲೆಯಲ್ಲಿ ಹೆಸರು ನಿಲ್ಲುವುದಿಲ್ಲ, ಊರು ನಿಲ್ಲುತ್ತದೆ. ಹಾಗಾಗಿ ಒಬ್ಬಳು ಮಳವಳ್ಳಿ, ಒಬ್ಬಳು ನಿಡಘಟ್ಟ, ಒಬ್ಬಳು ವೈದ್ಯನಾಥಪುರ. ಈ ವೈದ್ಯನಾಥಪುರದವಳೇ ನನ್ನ ನಿದ್ದೆ ಕೆಡಿಸಿದವಳು. ಮೊದಲು ಎರಡು ಸಲ ಬರೆದು ಎರಡೂ ಸಲ ಓಟದಲ್ಲಿ ಫೇಲಾಗಿದ್ದಳು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಇದು ಕೊನೆಯ ಸಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಹೆಚ್ಚು ಮಾತಿಲ್ಲದ ಹುಡುಗಿ. ಬೈದರೆ ನೆಲ ನೋಡಿ, ಮತ್ತೆ ಗೆರೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

ಬ್ಯಾಂಡಿನ ವಿದ್ಯೆಯನ್ನು ಶಿಷ್ಯ ಒಂದು ಮಧ್ಯಾಹ್ನ ಕೂರಿಸಿಕೊಂಡು ಹೇಳಿಕೊಟ್ಟ. ನೋಡಬೇಕಾದ ಅಂಕಿ ಎರಡು. ಬೆಳಿಗ್ಗೆ ಎದ್ದಾಗ ಬರುವುದು ರಿಕವರಿ, ಅಂದರೆ ನಿನ್ನೆಯ ದಣಿವಿನಿಂದ ಮೈ ಎಷ್ಟು ಚೇತರಿಸಿಕೊಂಡಿದೆ ಎಂಬುದು. ಇನ್ನೊಂದು ಎನರ್ಜಿ. ಅದು ಬೆಳಿಗ್ಗೆ ತುಂಬಿರುತ್ತದೆ, ದಿನವಿಡೀ ದುಡಿದಂತೆ ಇಳಿಯುತ್ತದೆ, ಫೋನಿನ ಬ್ಯಾಟರಿ ಇಳಿದ ಹಾಗೆ. ಎರಡಕ್ಕೂ ಮೂಲ ನಾಡಿ. ಎರಡು ಬಡಿತಗಳ ನಡುವಿನ ಬಿಡುವು ಯಾವಾಗಲೂ ಒಂದೇ ಸಮ ಇರುವುದಿಲ್ಲವಂತೆ. ಮೈ ಹಗುರವಾಗಿದ್ದಾಗ ಆ ಬಿಡುವು ಸ್ವಲ್ಪ ಹಿಗ್ಗುತ್ತದೆ, ಸ್ವಲ್ಪ ಕುಗ್ಗುತ್ತದೆ. ದಣಿದಾಗ ಬಡಿತ ಒಂದೇ ಸಮನಾಗಿ, ಬಿಗಿಯಾಗಿ ಓಡುತ್ತದೆ. ಅದನ್ನು ಅಳೆಯಲು ನಿದ್ದೆಯೇ ಒಳ್ಳೆಯ ಹೊತ್ತು. ಅದರಲ್ಲೂ ಏಳುವ ಮುಂಚಿನ ಗಾಢ ನಿದ್ದೆಯ ನಾಡಿಯನ್ನೇ ಈ ಬ್ಯಾಂಡು ಹೆಚ್ಚು ನೆಚ್ಚುತ್ತದೆ ಅಂದ. ಮೊದಲ ಎರಡು ವಾರ ಅಂಕಿಗಳನ್ನು ನಂಬಬೇಡಿ, ಅದು ಇನ್ನೂ ಮೈಯ ಗುರುತು ಹಿಡಿಯುತ್ತಿರುತ್ತದೆ ಎಂದೂ ಎಚ್ಚರಿಸಿದ.

ನಾನು ನಿಯಮ ಮಾಡಿದೆ. ಬೆಳಿಗ್ಗೆ ಆರೂ ಕಾಲಿನೊಳಗೆ ಎಲ್ಲರೂ ಗ್ರೂಪಿಗೆ ರಿಕವರಿಯ ಸ್ಕ್ರೀನ್‌ಶಾಟ್ ಹಾಕಬೇಕು. ನೂರಕ್ಕೆ ಅರವತ್ತಾರರ ಮೇಲೆ ಬಂದರೆ ಹಸಿರು, ಅವತ್ತು ವೇಗದ ಸುತ್ತುಗಳು. ನಡುವೆ ಬಂದರೆ ಹಳದಿ, ಹಗುರ ಓಟ. ಮೂವತ್ತಮೂರರ ಕೆಳಗೆ ಕೆಂಪು, ಅವತ್ತು ಓಟ ಇಲ್ಲ, ನಡಿಗೆ ಮಾತ್ರ. ಇನ್ನೊಂದು ನಿಯಮವನ್ನು ಸ್ವಲ್ಪ ಜೋರಾಗಿಯೇ ಹೇಳಿದೆ. ಬ್ಯಾಂಡು ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಫೋನಿನಲ್ಲಿ ನಾಡಿಯ ಗೆರೆ ನಡುವೆ ಕಡಿದುಹೋಗುತ್ತದೆ, ಅಲ್ಲಿಗೆ ಲೆಕ್ಕ ಹಾಳು.

ಮೂರನೆಯ ದಿನವೇ ಮಳವಳ್ಳಿಯವಳ ಗೆರೆ ಒಂದೂವರೆ ಗಂಟೆ ಕಡಿದಿತ್ತು. ಸ್ನಾನಕ್ಕೆ ಬಿಚ್ಚಿದವಳು ಮರೆತೆ ಅಂದಳು. ಮೊದಲ ಬಸ್ಸು ಹಿಡಿದು ಬಂದವಳನ್ನು ಎಲ್ಲರ ಎದುರು ನಿಲ್ಲಿಸಿ ಬೈದು, ಮುಂದಿನ ಬಸ್ಸಿಗೆ ವಾಪಸು ಕಳಿಸಿದೆ. ಅವಳು ಬಾಯಾಳಿ, ಹೋಗುವಾಗಲೂ ಏನೋ ಗೊಣಗಿಕೊಂಡು ಹೋದಳು. ಉಳಿದ ಐದೂ ಜನ ತಮ್ಮ ತಮ್ಮ ಮಣಿಕಟ್ಟು ನೋಡಿಕೊಂಡರು. ಶಿಸ್ತು ಬಂತು ಎಂದು ನನಗೆ ಒಳಗೊಳಗೇ ಖುಷಿ.

ಎರಡು ವಾರ ಕಳೆದು ಅಂಕಿಗಳು ಒಂದು ದಾರಿಗೆ ಬಂದವು. ಸುಮ್ಮನೆ ಹೇಳಬಾರದು, ಅವು ಉಪಯೋಗಕ್ಕೂ ಬಂದವು. ನಿಡಘಟ್ಟದವಳಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ ಇಪ್ಪತ್ತೇಳು ಬಂತು. ನಂಗೇನೂ ಆಗಿಲ್ಲ ಓಡ್ತೀನಿ ಅಂತ ಹಟ ಮಾಡಿದವಳನ್ನು ನಡೆಸಿ ಕಳಿಸಿದೆ. ಮಾರನೆಯ ದಿನ ಜ್ವರ. ಮೈಗೆ ಗೊತ್ತಾಗುವ ಮುಂಚೆ ಬ್ಯಾಂಡಿಗೆ ಗೊತ್ತಾಗಿತ್ತು. ಅಲ್ಲಿಂದ ನಾನು ಆ ಅಂಕಿಗಳನ್ನು ಕಣ್ಣು ಮುಚ್ಚಿಕೊಂಡು ನಂಬಿದೆ.

ವೈದ್ಯನಾಥಪುರದವಳಿಗೆ ಮಾತ್ರ ದಿನಾ ಹಸಿರು. ಎಂಬತ್ತೆಂಟು, ಎಂಬತ್ತಾರು, ತೊಂಬತ್ತೊಂದು. ಆರು ಜನರಲ್ಲಿ ಅವಳದೇ ಮೇಲು. ಸರಿ, ಇವಳ ಮೈ ತಡೆಯುತ್ತದೆ ಎಂದು ನಾನು ಭಾರ ಹೇರುತ್ತಾ ಹೋದೆ. ವಾರಕ್ಕೆ ಎರಡು ದಿನ ಇದ್ದ ವೇಗದ ಸುತ್ತು ನಾಲ್ಕು ದಿನಕ್ಕೆ ಏರಿತು. ಬ್ಯಾಂಡು ಬರುವ ಮೊದಲು ಅವಳ ಓಟ ಎಂಟು ನಿಮಿಷ ಐವತ್ತೆರಡು ಸೆಕೆಂಡು ಇತ್ತು. ಎರಡು ವಾರಕ್ಕೆ ಎಂಟು ನಲವತ್ತೊಂದಕ್ಕೆ ಇಳಿಯಿತು. ನಾನು ಹಿಗ್ಗಿದೆ. ಆಮೇಲೆ ಎಂಟು ನಲವತ್ತೊಂಬತ್ತು. ಅದಾದ ಮೇಲೆ ಒಂಬತ್ತು ಐದು.

ಏನಮ್ಮಾ ನಿನ್ನ ಕತೆ ಎಂದು ಕೇಳಿದರೆ ಗೊತ್ತಿಲ್ಲ ಮೇಡಂ ಅನ್ನುತ್ತಿದ್ದಳು. ಊಟ ಸರಿಯಾಗಿದೆಯಾ, ಇದೆ. ಕಾಲು ನೋವಾ, ಇಲ್ಲ. ರಿಕವರಿ ಎಷ್ಟು, ಎಂಬತ್ತೊಂಬತ್ತು. ಮೈಯೂ ಸರಿ, ಅಂಕಿಯೂ ಸರಿ, ಓಟ ಮಾತ್ರ ಹಳ್ಳ ಹಿಡಿದಿದೆ ಅಂದರೆ ಉಳಿದದ್ದು ಒಂದೇ ಕಾರಣ ಎಂದು ನಾನು ತೀರ್ಮಾನಿಸಿದೆ.

ಪರೀಕ್ಷೆಗೆ ಇಪ್ಪತ್ತೊಂದು ದಿನ ಇದ್ದಾಗ ಅವಳು ಆರನೆಯ ಸುತ್ತಿನಲ್ಲಿ ನಿಂತೇಬಿಟ್ಟಳು. ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತಳು. ನನಗೆ ಪಿತ್ತ ನೆತ್ತಿಗೇರಿತು. ಅಷ್ಟು ಜನರ ಎದುರು ಹತ್ತಿರ ಹೋಗಿ ಹೇಳಿದೆ:

"ತೊಂಬತ್ತೊಂದು ಬಂದಿದೆ ಕಣೇ ಇವತ್ತು. ಮೈಯಲ್ಲಿ ಶಕ್ತಿ ಇಟ್ಕೊಂಡು ನಿಲ್ತೀಯಲ್ಲ, ಸೋಮಾರಿ. ಇಷ್ಟ ಇಲ್ದಿದ್ರೆ ಮನೇಲಿರು."

ಅವಳು ಸೊಂಟ ನೆಟ್ಟಗೆ ಮಾಡಿಕೊಂಡಳು. ಉಳಿದ ಸುತ್ತುಗಳನ್ನು ಹೆಚ್ಚುಕಮ್ಮಿ ನಡೆದೇ ಮುಗಿಸಿದಳು. ಕೊನೆಯ ಗೆರೆ ದಾಟಿ ಕೂತವಳ ಮಣಿಕಟ್ಟನ್ನು ನಾನು ಹಿಡಿದೆ. ಇದು ನನ್ನ ಹಳೆಯ ಅಭ್ಯಾಸ. ಓಟ ಮುಗಿದ ಮೇಲೆ ಹತ್ತು ನಿಮಿಷ ಬಿಟ್ಟು ಎರಡು ಬೆರಳಿಟ್ಟು ನಾಡಿ ಎಣಿಸುವುದು. ಬ್ಯಾಂಡು ಬಂದ ಮೇಲೆ ಯಾಕೆ ಬೇಕು ಎಂದು ಬಿಟ್ಟಿದ್ದೆ. ಅವತ್ತು ಕೈ ತಾನಾಗಿಯೇ ಹೋಯಿತು. ಹತ್ತು ನಿಮಿಷವಾಗಿದ್ದರೂ ಅವಳ ನಾಡಿ ಇಳಿದಿರಲಿಲ್ಲ. ಆ ಬಡಿತ ಬೆರಳಿಗೆ ತಾಕಿದಾಗ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಸೋಮಾರಿಯ ನಾಡಿ ಹೀಗೆ ಹೊಡೆದುಕೊಳ್ಳುವುದಿಲ್ಲ.

ಮಾರನೆಯ ದಿನ ಓಟಕ್ಕೆ ಮುಂಚೆ ಆರೂ ಜನರನ್ನು ನೆರಳಿನಲ್ಲಿ ಹತ್ತು ನಿಮಿಷ ಕೂರಿಸಿ, ಒಬ್ಬೊಬ್ಬರ ನಾಡಿಯನ್ನೂ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದೆ. ಪಕ್ಕದಲ್ಲಿ ಬ್ಯಾಂಡು ಕೊಟ್ಟ ನಿದ್ದೆಯ ನಾಡಿಯನ್ನು ಬರೆದೆ. ನಿದ್ದೆಯಲ್ಲಿ ನಾಡಿ ಕಡಿಮೆ ಇರುವುದು ಸಹಜ. ಐದು ಜನರಲ್ಲಿ ಹತ್ತು ಹನ್ನೆರಡರ ವ್ಯತ್ಯಾಸ. ವೈದ್ಯನಾಥಪುರದವಳಿಗೆ ಬ್ಯಾಂಡಿನಲ್ಲಿ ಐವತ್ತನಾಲ್ಕು, ನನ್ನ ಬೆರಳಲ್ಲಿ ಎಂಬತ್ತನಾಲ್ಕು. ಮೂವತ್ತು ಬಡಿತ ಎಲ್ಲಿ ಹೋಯಿತು? ಬ್ಯಾಂಡು ಕೆಟ್ಟಿದೆಯೇನೋ ಎಂದು ನನ್ನ ಕೈಗೆ ಕಟ್ಟಿ ನೋಡಿದೆ, ಸರಿಯಾಗಿಯೇ ತೋರಿಸಿತು. ಶಿಷ್ಯನಿಗೆ ಫೋನು ಮಾಡಿದರೆ, ಅವಳು ಮಲಗುವ ರೀತಿಯಲ್ಲಿ ಏನೋ ಇದೆ, ಮನೆಗೇ ಹೋಗಿ ನೋಡಿ ಅಂದ.

ಹಾಗಾಗಿ ಮರುದಿನ ಬೆಳಿಗ್ಗೆ ಐದೂವರೆಗೆ ಸ್ಕೂಟರ್ ಹತ್ತಿ ವೈದ್ಯನಾಥಪುರಕ್ಕೆ ಹೋದೆ. ಶಿಂಷೆ ಹೊಳೆಯ ಕಡೆಯಿಂದ ಥಂಡಿ ಗಾಳಿ ಬೀಸುತ್ತಿತ್ತು. ಬಾಗಿಲು ತೆರೆದಿತ್ತು. ಒಳಗೆ ಅವಳ ತಾಯಿ ಒಲೆಯ ಮುಂದಿದ್ದರು. ಅವರು ಗಾರ್ಮೆಂಟ್ಸಿಗೆ ಹೋಗುವವರು, ಏಳೂವರೆಗೆ ವ್ಯಾನು ಬರುತ್ತದೆ. ತಂದೆ ಲಾರಿ ಡ್ರೈವರ್, ವಾರಕ್ಕೊಮ್ಮೆ ಮನೆಗೆ ಬರುವವರು. ಮಗಳೆಲ್ಲಿ ಎಂದು ಕೇಳಿದ್ದಕ್ಕೆ, ಆಲು ಆಕಕ್ಕೆ ಡೈರಿಗೆ ಓಗವ್ಳೆ ಬನ್ನಿ ಕೂತ್ಕಳಿ ಮೇಡಮ್ನೋರೆ ಅಂದರು. ನಾಲ್ಕು ಗಂಟೆಗೆ ಎದ್ದು, ಕೊಟ್ಟಿಗೆ ಬಾಚಿ, ಮೇವು ಹಾಕಿ, ಎರಡು ಹಸುವಿನ ಹಾಲು ಕರೆದು, ಕ್ಯಾನು ಹೊತ್ತು ಹೋಗುವುದು ಅವಳ ದಿನದ ಕೆಲಸ ಎಂದು ನನಗೆ ಗೊತ್ತಾದದ್ದೇ ಆಗ. ನಾನು ಫೋನು ತೆಗೆದು ಹಿಂದಿನ ದಿನಗಳ ಸ್ಕ್ರೀನ್‌ಶಾಟ್ ನೋಡಿದೆ. ಎಲ್ಲದರಲ್ಲೂ ಅವಳು ಆರು ಗಂಟೆಯವರೆಗೆ ಗಾಢ ನಿದ್ದೆ.

ನಡುಮನೆಯ ಮೂಲೆಯಲ್ಲಿ ಚಾಪೆಯ ಮೇಲೆ ಅವಳ ಅಜ್ಜಿ ಕಂಬಳಿ ಹೊದ್ದು ಮಲಗಿದ್ದರು. ಒಂದು ಕೈ ಆಚೆ ಬಂದಿತ್ತು. ಆ ಸುಕ್ಕುಗಟ್ಟಿದ ಮಣಿಕಟ್ಟಿನಲ್ಲಿ ಪಟ್ಟಿಯ ಅಡಿಯಿಂದ ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು.

ನಾನು ಹತ್ತಿರ ಹೋಗಿ ಕೂತದ್ದಕ್ಕೆ ಅಜ್ಜಿಗೆ ಎಚ್ಚರವಾಯಿತು. ನಾನು ಆ ಬ್ಯಾಂಡನ್ನೇ ನೋಡುತ್ತಿರುವುದನ್ನು ಕಂಡು ಕೈ ಎತ್ತಿ ತೋರಿಸಿದರು.

"ಇದಾ? ನಮ್ ಮೊಗ ಕಟ್ಬುಟ್ಟು ಓಯ್ತದೆ ಕಣವ್ವ. ಬೆಚ್ಗಿರ್ಬೇಕಂತೆ. ನಾನೂ ಅಲ್ಲಾಡ್ದಂಗೆ ಮನಿಕೊಂಡಿರ್ತೀನಿ, ಕಾವ್ಗೆ ಕುಂತಿರೋ ಕೋಳಿ ಇದ್ದಂಗೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಿ.ಪಿ.ಗೆ ಅಜ್ಜಿ ನುಂಗುವ ಮಾತ್ರೆಯಿಂದ ನಾಡಿ ನಿಧಾನವಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ, ತಾಯಿ ಒಲೆಯ ಮುಂದಿನಿಂದಲೇ ಹೇಳಿದರು. ಅಲ್ಲಿಗೆ ಐವತ್ತನಾಲ್ಕರ ಲೆಕ್ಕ ಸಿಕ್ಕಿತು. ಬ್ಯಾಂಡು ಹೆಚ್ಚು ನೆಚ್ಚುವ ಕೊನೆಯ ಎರಡು ಗಂಟೆಯ ನಿದ್ದೆ ಅಜ್ಜಿಯದು. ಮೊಮ್ಮಗಳು ಕೊಟ್ಟಿಗೆಯಲ್ಲಿ ಸುರಿಸಿದ ಬೆವರು ಎಲ್ಲೂ ದಾಖಲಾಗಿರಲಿಲ್ಲ. ಅಜ್ಜಿಯ ವಿಶ್ರಾಂತಿ ನೋಡಿ ಮೊಮ್ಮಗಳನ್ನು ಓಡಿಸಿದ್ದೆ ನಾನು, ಅದೂ ಹೆಚ್ಚುಕಮ್ಮಿ ಒಂದು ತಿಂಗಳು.

ಅಷ್ಟರಲ್ಲಿ ಅವಳು ಖಾಲಿ ಕ್ಯಾನು ಹಿಡಿದು ಬಂದಳು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ಕಣ್ಣು ಸೀದಾ ಅಜ್ಜಿಯ ಕೈಗೆ ಹೋಯಿತು. ಬ್ಯಾಂಡು ಕಟ್ಟಿಕೊಂಡು ಕರೆಯಲು ಕೂತರೆ ಅದರ ಕೊಂಡಿ ಕೆಚ್ಚಲಿಗೆ ಗೀರಿ ಹಸು ಒದೆಯುತ್ತಂತೆ. ಹಾಗಾದರೆ ಬಿಚ್ಚಿಟ್ಟು ನನಗೆ ಹೇಳಬಹುದಿತ್ತಲ್ಲ ಎಂದು ಕೇಳಿದೆ.

"ಬಿಚ್ಚಿಟ್ರೆ ಗೆರೆ ಕಟ್ಟಾಯ್ತದೆ. ಮಳವಳ್ಳಿಯವ್ಳನ್ನ ವಾಪಸ್ ಕಳಿಸ್ಬುಟ್ರಲ್ಲ ಮೇಡಂ. ನನ್ನೂ ಕಳಿಸ್ಬುಟ್ರೆ ಅಂತ."

"ಮೈ ಸೋತಿತ್ತಲ್ಲ, ಅದನ್ನಾದ್ರೂ ಯಾಕೆ ಹೇಳ್ಲಿಲ್ಲ?"

"ನಂಬರ್ ತೊಂಬತ್ತು ಬರೋದು. ಮಿಸಿನ್ನು ಸುಳ್ಳು ಯೋಳ್ತದಾ? ನೀವು ಅಂದಂಗೆ ನಾನೇ ಸೋಮಾರಿ ಆಗೋಗಿವ್ನಿ ಅನ್ಕೊಂಡೆ."

ಆ ಮಾತು ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅಜ್ಜಿಯ ನಾಡಿಯ ಅಂಕಿ ತನ್ನ ಮೈಯ ಬಗ್ಗೆ ಏನೂ ಹೇಳಲಾರದು ಎಂದು ಅವಳಿಗೆ ಹೊಳೆದಿರಲಿಲ್ಲ. ಬೆಳಗಿನ ಗೆರೆ ಕಡಿಯದಿದ್ದರೆ ಸಾಕು, ನಿಜವಾದ ಅಳತೆ ಮೈದಾನದಲ್ಲಿ ನಡೆಯುತ್ತದೆ ಅಂದುಕೊಂಡಿದ್ದಳು. ಅವಳಿಗೆ ಇದನ್ನು ಬಿಡಿಸಿ ಹೇಳಬೇಕಾದವಳು ನಾನು. ನಾನು ಹೇಳಿದ್ದು ನಿಯಮ ಮಾತ್ರ. ಅವಳ ತಾಯಿ, ಅಜ್ಜಿ ಇಬ್ಬರ ಎದುರೇ ತಪ್ಪು ನನ್ನದು ಕಣಮ್ಮ ಅಂದೆ. ಅವಳು ಕ್ಯಾನು ತೊಳೆಯಲು ಹೊರಟಳು.

ಶಿಷ್ಯನನ್ನು ಕೇಳಿದರೆ ಒಂದೇ ಮಾತಿನಲ್ಲಿ ಪರಿಹಾರ ಹೇಳಿದ. ಬ್ಯಾಂಡನ್ನು ಮೊಣಕೈಯ ಮೇಲೆ, ತೋಳಿಗೆ ಕಟ್ಟಿದರೂ ನಡೆಯುತ್ತದಂತೆ. ಇಷ್ಟು ಸುಲಭದ ವಿಷಯವನ್ನು ಮೊದಲೇ ಕೇಳದ ನನ್ನ ಬುದ್ಧಿಗೆ ಏನು ಹೇಳಲಿ. ಎರಡು ದಿನ ತೋಳಿಗೆ ಕಟ್ಟಿಕೊಂಡು ಹಾಲು ಕರೆದಳು. ಮೊದಲ ಬೆಳಿಗ್ಗೆ ರಿಕವರಿ ಇಪ್ಪತ್ತನಾಲ್ಕು, ಎರಡನೆಯದು ಹತ್ತೊಂಬತ್ತು. ಎನರ್ಜಿಯಂತೂ ಅವಳು ಮೈದಾನಕ್ಕೆ ಬರುವ ಹೊತ್ತಿಗಾಗಲೇ ಮೂರರಲ್ಲಿ ಒಂದು ಪಾಲು ಖರ್ಚಾಗಿರುತ್ತಿತ್ತು. ನನ್ನ ನಿಯಮದ ಪ್ರಕಾರ ಆ ತಿಂಗಳು ಅವಳು ಓಡಬೇಕಾದ ದಿನಗಳು ಬೆರಳೆಣಿಕೆಯಷ್ಟು.

ಈಗ ಉಳಿದದ್ದು ಹದಿನೇಳು ದಿನ. ಆ ಸಂಜೆ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಲೆಕ್ಕ ಹಾಕಿದೆ. ಎಂಟೂವರೆಗೆ ಇನ್ನೂ ಮೂವತ್ತು ಸೆಕೆಂಡಿನ ಮೇಲೆ ಇಳಿಯಬೇಕು. ಇಂಥ ಹೊತ್ತಿನಲ್ಲಿ ನಾನು ಇಷ್ಟು ವರ್ಷ ಮಾಡಿದ್ದು ಒಂದೇ ಕೆಲಸ, ಇನ್ನಷ್ಟು ಓಡಿಸುವುದು. ಬೆವರನ್ನೇ ನಂಬಿ ಬಂದವಳು. ಓಟ ನಿಲ್ಲಿಸಿದರೆ ಇದ್ದ ಉಸಿರೂ ಹೋಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದರು. ನನಗೂ ಹೆದರಿಕೆ ಇತ್ತು. ಕೊನೆಯ ಅವಕಾಶವಿರುವ ಹುಡುಗಿಗೆ ಮನೆಯಲ್ಲಿ ಮಲಗು ಎಂದು ಹೇಳಲು ಧೈರ್ಯ ಬೇಕು. ಬೆಳಗಾಗುವ ಹೊತ್ತಿಗೆ ನಿರ್ಧಾರ ಮಾಡಿದೆ. ಐದು ದಿನ ಪೂರ್ತಿ ಓಟ ಬಂದ್. ಆಮೇಲೆ ಅವಳೊಬ್ಬಳಿಗೆ ಸಂಜೆ ಅಭ್ಯಾಸ. ಬೆಳಿಗ್ಗೆ ಆರರವರೆಗೆ ಅವಳೇ ಮಲಗಬೇಕು, ಅವಳ ಬದಲು ಅಜ್ಜಿಯಲ್ಲ.

ಅದಕ್ಕೆ ಬೆಳಗಿನ ಹಾಲು ಬೇರೆಯವರು ಕರೆಯಬೇಕಿತ್ತು. ತಾಯಿ ಒಪ್ಪಿದರು, ಒಂದು ಹಸು ಒಪ್ಪಲಿಲ್ಲ. ಅದಕ್ಕೆ ಅವಳ ಕೈಯೇ ಅಭ್ಯಾಸ. ಮೊದಲ ದಿನ ತಾಯಿಗೆ ಒದ್ದು ತಂಬಿಗೆ ಉರುಳಿಸಿತು. ಎರಡನೆಯ ದಿನ ಅಜ್ಜಿ ಉಪಾಯ ಹೇಳಿದರು. ಮಗಳ ಬಟ್ಟೆ ತೊಟ್ಟು ಕೂತರೆ ಹಸು ವಾಸನೆಗೆ ಮೋಸ ಹೋಗುತ್ತದೆ, ತಮ್ಮ ಕಾಲದಲ್ಲಿ ಬಾಣಂತಿ ಸೊಸೆಯ ಸೀರೆ ಉಟ್ಟು ತಾವೂ ಕರೆದಿದ್ದರಂತೆ. ಸರಿ, ತಾಯಿ ಸೀರೆಯ ಮೇಲೆ ನಮ್ಮ ಕಾಲೇಜಿನ ನೀಲಿ ಜರ್ಸಿ ತೊಟ್ಟು ಕೂತರು. ಒಗೆಯದ ಜರ್ಸಿಯೇ ಆಗಬೇಕು ಎಂದು ಅಜ್ಜಿಯ ಕಟ್ಟಪ್ಪಣೆ. ಹಸು ಒಮ್ಮೆ ತಿರುಗಿ ಮೂಸಿ, ಹಾಲು ಕೊಟ್ಟಿತಂತೆ. ಮೊದಮೊದಲು ಒಂದು ಲೀಟರ್ ಕಡಿಮೆ, ಆಮೇಲೆ ಅದೂ ಸರಿಹೋಯಿತು.

ಅವಳ ರಿಕವರಿ ಇಪ್ಪತ್ತೆರಡು, ಮೂವತ್ತು, ನಲವತ್ತೊಂದು, ಐವತ್ತೆಂಟು. ಐದನೆಯ ದಿನ ಅರವತ್ತನಾಲ್ಕು. ಈ ಸಲ ನಾನು ಅಂಕಿಯೊಂದನ್ನೇ ನಂಬಿ ಕೂರಲಿಲ್ಲ. ಗ್ರೂಪಿನ ನಿಯಮವನ್ನೂ ತಿದ್ದಿದೆ. ಸ್ಕ್ರೀನ್‌ಶಾಟ್ ಹಾಕುವ ಮೊದಲು ಇವತ್ತು ಮೈ ಹೇಗಿದೆ ಎಂದು ಎಲ್ಲರೂ ಒಂದು ಸಾಲು ಬರೆಯಬೇಕು. ಬ್ಯಾಂಡು ಬಿಚ್ಚಿದರೆ ಯಾಕೆ ಬಿಚ್ಚಿದೆ ಎಂದೂ ಬರೆಯಬೇಕು, ಬೈಗುಳ ಇಲ್ಲ. ಮಳವಳ್ಳಿಯವಳಿಗೆ ಮೈದಾನದಲ್ಲಿ ಎಲ್ಲರೆದುರೇ ಕ್ಷಮೆ ಕೇಳಿದೆ. ಬುಡಿ ಮೇಡಂ, ನಾನಂತೂ ಅವತ್ತು ವಾಪಸ್ ಓಗಿ ಚೆನ್ನಾಗಿ ನಿದ್ದೆ ಮಾಡ್ದೆ ಅಂದಳು. ವೈದ್ಯನಾಥಪುರದವಳು ಬರೆದ ಮೊದಲ ಸಾಲು, "ಕಾಲು ಕಲ್ಲಿನಂಗೆ ಇಲ್ಲ ಇವತ್ತು" ಎಂದು. ಹಾಗಾದರೆ ಇಷ್ಟು ದಿನ ಕಲ್ಲಿನಂತಿತ್ತು. ಓದಿ ಸಂಕಟವಾಯಿತು.

ಆರನೆಯ ದಿನದ ಸಂಜೆ ನಾಲ್ಕು ಸುತ್ತು, ಹಗುರವಾಗಿ. ಸಂಜೆಯ ಹಾಲು ಅವಳೇ ಕರೆಯುತ್ತಿದ್ದಳು, ಅದನ್ನೂ ಅಭ್ಯಾಸದ ಲೆಕ್ಕಕ್ಕೆ ಸೇರಿಸಿ ಅಷ್ಟು ಓಟ ಕಡಿಮೆ ಮಾಡಿದೆ. ಪರೀಕ್ಷೆಗೆ ಆರು ದಿನ ಇದ್ದಾಗ ಪೂರ್ತಿ ಎಂಟು ಸುತ್ತು ಓಡಿಸಿದೆ. ಏಳನೆಯ ಸುತ್ತಿನಲ್ಲಿ ನಾನು ಬಾಯಿ ತೆರೆದು, ಕೂಗದೆ ಮತ್ತೆ ಮುಚ್ಚಿದೆ. ಎಂಟು ಇಪ್ಪತ್ತೊಂದು. ಗಡಿಯಾರವನ್ನು ಅವಳ ಮುಖದ ಮುಂದೆ ಹಿಡಿದೆ. ಅವಳು ಅದನ್ನು ನೋಡಿದಳು, ಆಮೇಲೆ ಮೈದಾನದ ಮೂಲೆಗೆ ಹೋಗಿ ಬೆನ್ನು ತಿರುಗಿಸಿ ಸ್ವಲ್ಪ ಹೊತ್ತು ನಿಂತಿದ್ದಳು. ನಾನು ಕರೆಯಲಿಲ್ಲ.

ಪರೀಕ್ಷೆಯ ಮೈದಾನ ಬೆಂಗಳೂರಿನ ಆಚೆ ಇತ್ತು. ಬೆಳಿಗ್ಗೆ ಗೇಟಿನ ಬಳಿ ಫೋನು, ಗಡಿಯಾರ, ಬ್ಯಾಂಡು ಯಾವುದೂ ಒಳಗೆ ಬಿಡುವುದಿಲ್ಲ ಅಂದರು. ಉಳಿದವರು ಬಿಚ್ಚಿ ನನ್ನ ಚೀಲಕ್ಕೆ ಹಾಕಿದರು. ಅವಳು ತನ್ನ ಬ್ಯಾಂಡು ಬಿಚ್ಚಿ, ನನ್ನ ಕೈ ಹಿಡಿದು ಮಣಿಕಟ್ಟಿಗೆ ಬಿಗಿಯಾಗಿ ಕಟ್ಟಿ ಕೊಂಡಿ ಹಾಕಿದಳು.

"ಗೆರೆ ಕಟ್ಟಾಗ್ಬಾರ್ದಲ್ಲ ಮೇಡಂ."

ಮುಖದಲ್ಲಿ ತುಂಟತನ ಇತ್ತು. ಅಷ್ಟು ದಿನದಲ್ಲಿ ಅವಳು ನನ್ನನ್ನು ಗೇಲಿ ಮಾಡಿದ್ದು ಅದೇ ಮೊದಲು. ಅವಳ ಫೋನು ನನ್ನ ಕೈಯಲ್ಲಿ. ಕಾಂಪೌಂಡಿನ ಹೊರಗೆ ಕಲ್ಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ. ಅಲ್ಲಾಡದೆ ಕೂತ ನನ್ನ ನಾಡಿ ನೂರ ಹದಿನೆಂಟು. ಒಳಗೆ ಸೀಟಿ ಊದಿದಾಗ ನೂರ ಮೂವತ್ತು. ಎನರ್ಜಿ ಕಣ್ಣೆದುರೇ ಇಳಿಯುತ್ತಿತ್ತು. ಯಾವ ತಂಡದ ಸೀಟಿಯೋ, ಅದೂ ಗೊತ್ತಿಲ್ಲ.

ಹನ್ನೊಂದರ ಹೊತ್ತಿಗೆ ಒಬ್ಬೊಬ್ಬರೇ ಹೊರಬಂದರು. ಮಳವಳ್ಳಿ, ನಿಡಘಟ್ಟ, ಮತ್ತಿಬ್ಬರು ಪಾಸು. ಇನ್ನೊಬ್ಬಳು ನಾಲ್ಕು ಸೆಕೆಂಡು ತಡವಾಗಿ ಫೇಲಾಗಿ ಅಳುತ್ತಾ ಬಂದಳು, ಅವಳಿಗೆ ಇನ್ನೂ ವರ್ಷಗಳಿದ್ದವು, ಆದರೂ ಪಕ್ಕದಲ್ಲಿ ಕೂರಿಸಿಕೊಂಡೆ. ವೈದ್ಯನಾಥಪುರದವಳು ಎಲ್ಲರಿಗಿಂತ ಕೊನೆಗೆ, ಶೂ ಕೈಯಲ್ಲಿ ಹಿಡಿದು ಬಂದಳು. ನಾನು ಎದ್ದು ನಿಂತೆ.

"ಎಂಟು ಅದ್ನೇಳು" ಅಂದಳು.

ನಾನು ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತೆ. ನಾಚಿಕೆಯೇನೂ ಆಗಲಿಲ್ಲ. ಅವಳೇ ನನ್ನ ಬೆನ್ನು ತಟ್ಟಿದಳು. ಆ ಗಡಿಬಿಡಿಯಲ್ಲಿ ಫೋನು ಅವಳಿಗೆ ಕೊಟ್ಟೆ, ಬ್ಯಾಂಡು ನನ್ನ ಕೈಯಲ್ಲೇ ಉಳಿಯಿತು. ರಾತ್ರಿ ಅದನ್ನು ಕಟ್ಟಿಕೊಂಡೇ ಮಲಗಿದ್ದೆ.

ಬೆಳಿಗ್ಗೆ ಏಳು ಗಂಟೆಗೆ ಅವಳು ಬಾಟಲಿಯಲ್ಲಿ ಹಾಲು ತುಂಬಿಕೊಂಡು ನಮ್ಮ ಮನೆಗೆ ಬಂದಳು. ನನ್ನ ಕೈ ನೋಡಿ, ತನ್ನ ಫೋನು ತೆಗೆದು ಏನೋ ಒತ್ತಿದಳು. ನಾನು ಕಾಫಿಗೆ ಇಟ್ಟು ಬರುವಷ್ಟರಲ್ಲಿ ನನ್ನ ಫೋನು ಟಿಂಗ್ ಅಂತು. ಗ್ರೂಪಿನಲ್ಲಿ ಒಂದು ಸ್ಕ್ರೀನ್‌ಶಾಟ್, ರಿಕವರಿ ಇಪ್ಪತ್ತೊಂದು, ಕೆಂಪು. ಅದರ ಕೆಳಗೆ ಅವಳು ಬರೆದಿದ್ದಳು: "ಇದು ಮೇಡಂದು. ಇವತ್ತು ಮೇಡಂ ಮೈದಾನಕ್ಕೆ ಬರಂಗಿಲ್ಲ. ಮಲಗಬೇಕು."

ನಿಯಮ ನನ್ನದೇ. ಅವಳು ಹೋದ ಮೇಲೆ ಕಾಫಿ ಕುಡಿದು, ಬಾಗಿಲು ಹಾಕಿಕೊಂಡು ಹತ್ತು ಗಂಟೆಯವರೆಗೆ ಮಲಗಿದೆ.